ಮಡುವಿನಮ್ಮನ ಮುನ್ನೂರು ಮರಿಗಳು

ಮಡುವಿನಮ್ಮಾ, ತಾಯೀ, ಮೊದಲು ನಿನ್ನ ಪಾದಕ್ಕೆ ನಮಸ್ಕಾರ. ನೀರು ನೀನು, ನೀರೊಳಗೆ ಆಡುವ ಜೀವ ನೀನು, ದಡದಲ್ಲಿ ಕೂತು ಮಾತಾಡುವ ಈ ನಾಲಿಗೆಯೂ ನೀನು ಕೊಟ್ಟದ್ದೇ. ಅದು ಎಡವದ ಹಾಗೆ ನೋಡಿಕೋ...

ಅಲ್ಲ, ಏಳಬೇಡಿ ಮೇಡಂ, ಏಳಬೇಡಿ. ಕಾಫಿ ಅರ್ಧ ಲೋಟ ಹಾಗೇ ಇದೆ. ದೇವರ ಹೆಸರು ಹೇಳಿದೆ ಅಂದರೆ ಮಾತು ಮುಗಿಯಿತು ಅಂತಲ್ಲ, ಈಗ ಶುರುವಾಗುತ್ತೆ ಅಂತ. ಜೀಪಿನವನು ಕಾಯ್ತಾನೆ ಅಂತಲಾ? ಕಾಯಲಿ ಬಿಡಿ. ಅವನಿಗೂ ಕಾಫಿ ಕೊಟ್ಟಿದ್ದೇನೆ, ದೇವಸ್ಥಾನದ ಕಟ್ಟೆ ಮೇಲೆ ಕಾಲು ಚಾಚಿ ಕೂತಿದ್ದಾನೆ. ನಮ್ಮನೆಯವರನ್ನು ಕಾಣಬೇಕು ಅಂದಿರಿ. ಅವರಿಲ್ಲ. ಎಂಟರ ಬಸ್ಸಿಗೆ ಕೊಪ್ಪಕ್ಕೆ ಹೋದರು. ಎಂತಕ್ಕೆ ಅಂತ ಆಮೇಲೆ ಹೇಳ್ತೇನೆ. ಮೊದಲು ನೀವು ಆ ಫೈಲಿನಲ್ಲಿ ಎಂತ ಬರೀತೀರಿ, ಅದನ್ನು ಹೇಳಿ.

ಹೇಳಲ್ವಾ. ಸರಿ.

ಮಹಿಮಾ ಅಂತಲ್ದಾ ನಿಮ್ಮ ಹೆಸರು? ಮೀನಿನ ಇಲಾಖೆಯಿಂದ ಆಫೀಸರು ಬರ್ತಾರೆ ಅಂದಾಗ ನಾನು ಯಾರೋ ಮೀಸೆಯವರು, ದೊಡ್ಡ ಹೊಟ್ಟೆಯವರು ಬರ್ತಾರೆ ಅಂತಿದ್ದೆ. ನೋಡಿದರೆ ನಮ್ಮ ತಂಗಿಯ ಮಗಳಷ್ಟಿದ್ದೀರಿ. ಕೂಸೇ ಅಂದರೆ ಬೇಜಾರಿಲ್ವಲ್ಲ? ಹಾಂ, ಈಗ ಸ್ವಲ್ಪ ನಕ್ಕಿರಿ. ನಗಬೇಕು. ನೀವು ಬಂದಾಗಿನಿಂದ ಆ ಕಲ್ಲಿನ ತೊಟ್ಟಿಯನ್ನೇ ನೋಡ್ತಾ ಕೂತಿದ್ದೀರಿ.

ಖಾಲಿ ತೊಟ್ಟಿ ಕೂಸೇ. ಅದರಲ್ಲಿ ನೋಡೋಕೆ ಎಂತ ಇದೆ ಈಗ.

ಇಲ್ಲಿ ನೋಡಿ, ಈ ಕಡೆ, ಮಡುವಿನ ಕಡೆ. ನಾನು ಮದುವೆಯಾಗಿ ಬಂದಾಗ ಈ ಮಡುವಿನಲ್ಲಿ ಒಂದು ಹಿಡಿ ಅನ್ನ ಹಾಕಿದರೆ ನೀರೇ ಕಾಣ್ತಿರಲಿಲ್ಲ, ಬರೀ ಮೀನಿನ ಬೆನ್ನು. ದೇವರ ಮೀನು. ನೀವು ಮಹಶೀರ್ ಅಂತೀರಿ. ಅಮ್ಮನಿಗೆ ನೈವೇದ್ಯ ಆಗಿ, ಮೀನಿಗೆ ಹಾಕಿ, ಆಮೇಲೆ ಮನುಷ್ಯರಿಗೆ ಊಟ, ಅದು ಇಲ್ಲಿನ ಕ್ರಮ. ಮೇಲೆ ಶೃಂಗೇರಿಯಲ್ಲಿ ಮಠದ ಮೀನನ್ನು ಯಾರೂ ಮುಟ್ಟೋದಿಲ್ಲ, ಅವು ರಾಜರ ಹಾಗೆ ಓಡಾಡ್ತವೆ. ಅವೇ ಮೀನು ಮಳೆಗಾಲದ ನೀರಿಗೆ ಇಲ್ಲಿ ಇಳಿದು ಬಂದರೆ ಅವಕ್ಕೆ ಯಾರೂ ದಿಕ್ಕಿಲ್ಲ. ಬಲೆ ಹಾಕಿದರು. ಸಿಡಿಮದ್ದಿನ ತೋಟೆ ಹಾಕಿದರು. ಈಗ ದೊಡ್ಡವು ಏಳೋ ಎಂಟೋ ಇದ್ದಾವೆ, ಅಷ್ಟೇ. ಬೆಳಗ್ಗೆ ಅನ್ನ ಹಾಕಿದರೆ ಮುಕ್ಕಾಲು ಪಾಲು ಹಾಗೇ ತೇಲಿಕೊಂಡು ಹೋಗುತ್ತೆ. ಅದನ್ನು ನೋಡೋಕಾಗದೆ ನಮ್ಮನೆಯವರು, ದತ್ತಮೂರ್ತಿ ಭಟ್ಟರು, ಅರ್ಜಿ ಬರೆಯೋಕೆ ಶುರು ಮಾಡಿದ್ದು. ಹನ್ನೊಂದು ವರ್ಷ. ಕೊಪ್ಪದ ಆಫೀಸಿಗೆ, ನರಸಿಂಹರಾಜಪುರದ ಆಫೀಸಿಗೆ, ಬೆಂಗಳೂರಿಗೆ, ದಿಲ್ಲಿಗೆ. ಅಂಚೆಯವನು ನಮ್ಮನೆಯವರನ್ನು ಕಂಡರೆ, ಬಂದರು ಮೀನಿನ ಭಟ್ಟರು ಅಂತ ತಮಾಷೆ ಮಾಡ್ತಿದ್ದ.

ಕಡೆಗೆ ಒಂದು ಅರ್ಜಿ ಫಾರಂ ಬಂತು ನೋಡಿ. ಅಳಿದು ಹೋಗ್ತಿರುವ ಜಲಚರಗಳಿಗೆ ಸರ್ಕಾರದ ಅನುದಾನ ಅಂತ. ಅದರ ಮೇಲೆ ಕಡಲಾಮೆ, ತಿಮಿಂಗಿಲದ ಚಿತ್ರ. ಸಮುದ್ರದವರಿಗೆ ಅಂತ ಮಾಡಿದ್ದು, ಆಮೇಲೆ ಹೊಳೆಯವರನ್ನೂ ಸೇರಿಸಿದರಂತೆ. ಒಳಗಿನ ಪ್ರಶ್ನೆ ಮಾತ್ರ ಹಳೆಯವೇ. ನಿಮ್ಮ ಸ್ಥಳ ಸಮುದ್ರ ತೀರದಿಂದ ಎಷ್ಟು ದೂರ? ಇವರು ಎರಡು ದಿನ ಯೋಚನೆ ಮಾಡಿ ಬರೆದರು, ತುಂಗೆ ಹೋಗಿ ಮುಟ್ಟುವಷ್ಟು ದೂರ ಅಂತ.

ಯಾಕೆ ನಗ್ತೀರಿ? ಓಹೋ, ನೀವೂ ಅದನ್ನು ಓದಿದ್ದೀರಾ. ಅದೇ ಅರ್ಜಿ ಪಾಸಾಯ್ತಲ್ಲ ಕೂಸೇ. ನಗ್ತಾ ನಗ್ತಾ ಯಾರೋ ಪುಣ್ಯಾತ್ಮರು ಸಹಿ ಹಾಕಿದರು.

ಮುನ್ನೂರು ಮರಿ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿಸಿ, ಕೂಸನ್ನು ತಂದ ಹಾಗೆ ತೊಡೆ ಮೇಲಿಟ್ಟುಕೊಂಡು ತಂದರು. ಹೊಳೆ ಕೆಂಪಾಗಿ ತುಂಬಿತ್ತು, ಈಗ ಬಿಟ್ಟರೆ ಕೊಚ್ಚಿ ಹೋಗ್ತವೆ, ಹದಿನೈದು ದಿವಸ ಈ ತೊಟ್ಟಿಯಲ್ಲಿ ಸಾಕಿ ಅಂದರು. ಸಾಕಿದೆವು. ಒರತೆ ನೀರು ಆ ಅಡಿಕೆ ಮರದ ದಬ್ಬೆಯಲ್ಲಿ ಸಣ್ಣಗೆ ಬಂದು ಬೀಳುತ್ತಲ್ಲ, ಆ ನೀರಿಗೆ ಎದುರಾಗಿ ಸಾಲುಗಟ್ಟಿ ನಿಲ್ತಿದ್ದವು. ಬೆರಳುದ್ದ. ಇವರು ಜಪ ಮಾಡೋದೂ ತೊಟ್ಟಿಯ ಹತ್ತಿರ, ಪೇಪರು ಓದೋದೂ ತೊಟ್ಟಿಯ ಹತ್ತಿರ. ನಾನು, ಸೊಳ್ಳೆಪರದೆ ಕಟ್ಟಿಕೊಡ್ತೇನೆ, ಇಲ್ಲೇ ಮಲಗಿ ಅಂದೆ.

ಹನ್ನೆರಡನೆಯ ದಿವಸ ಬೆಳಗ್ಗೆ ಹೋಗಿ ನೋಡಿದರೆ ಎಲ್ಲಾ ಮೇಲೆ ತೇಲ್ತಿದ್ದವು. ಬಿಳೀ ಹೊಟ್ಟೆ ಮೇಲೆ ಮಾಡಿಕೊಂಡು. ಒಂದೂ... ಒಂದೂ ಇಲ್ಲ ಕೂಸೇ.

ನಿಮಗೆ ಗೊತ್ತಿದೆ. ಕಾಗದದಲ್ಲಿ ಓದಿದ್ದೀರಿ. ಆದರೆ ಕಾಗದದಲ್ಲಿ ಇವರು ಕೂತ ಹಾಗೆ ಕಾಣೋದಿಲ್ಲ. ಒಂದೊಂದನ್ನೇ ಅಂಗೈಯಲ್ಲಿ ಎತ್ತಿ, ಬಾಳೆಲೆ ಮೇಲೆ ಇಟ್ಟು, ಪಾರಿಜಾತದ ಬುಡದಲ್ಲಿ ಗುಂಡಿ ತೋಡಿದರು. ಸ್ನಾನ ಮಾಡಿದರು. ಎರಡು ದಿವಸ ಊಟ ಮಾಡಲಿಲ್ಲ. ಅದಕ್ಕೂ ಮೊದಲು ತೊಟ್ಟಿಯ ನೀರನ್ನು ಒಂದು ಬಾಟಲಿಗೆ ತುಂಬಿಸಿ, ನಾಲ್ಕು ಮರಿ ಹಾಕಿ, ಬಿರಡೆ ಬಿಗಿದು ನಿಮ್ಮ ಆಫೀಸಿಗೆ ಕಳಿಸಿದರು. ಇದರಲ್ಲಿ ವಿಷ ಸಿಗುತ್ತೆ, ನೋಡ್ತಿರು ಅಂದರು. ಯಾರ ವಿಷ ಅಂತಲೂ ಅಂದರು.

ರೇಣುಕಪ್ಪನದು.

ಗೊತ್ತಿಲ್ವಾ ನಿಮಗೆ ಅವನು? ದಾರಿಯಲ್ಲಿ ಎಡಕ್ಕೆ ಕೆಂಪು ಹಂಚಿನ ಕೊಟ್ಟಿಗೆ ಕಾಣ್ತದಲ್ಲ, ಅವನದೇ. ಒರತೆಗಿಂತ ಮೇಲೆ ಅವನ ತೋಟ. ಮರಿಗಳು ಸತ್ತ ಹಿಂದಿನ ದಿವಸವೇ ಅಡಿಕೆಗೆ ಔಷಧಿ ಹೊಡೆಸಿದ್ದ. ಮೈಲುತುತ್ತ, ಸುಣ್ಣ ಕಲಸಿ ಹೊಡೀತಾರಲ್ಲ, ಬೋರ್ಡೋ, ಅದು. ಮೈಲುತುತ್ತ ಮೀನಿಗೆ ಆಗೋದಿಲ್ಲ ಅಂತ ಇವರೇ ಎಷ್ಟೋ ಸಲ ಊರಿಗೆಲ್ಲ ಹೇಳಿದ್ದರು. ಹಾಗಾಗಿ ಇವರಿಗೆ ಅನುಮಾನವೇ ಬರಲಿಲ್ಲ. ಡ್ರಮ್ಮು ಒರತೆಯಲ್ಲಿ ತೊಳೆದಿದ್ದಾನೆ, ವಿಷ ದಬ್ಬೆಯಲ್ಲಿ ಇಳಿದಿದೆ, ಮುಗೀತು.

ನಾನಾ? ನಾನು ಎಂತ ನೋಡಿದ್ದೇನೆ. ನಾನು ಒಳಗಿನವಳು.

ಊರಿನವರೂ ಹೌದು ಹೌದು ಅಂದರು. ಹಾಲಿನ ಡೈರಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತೆ. ಅವನ ಹೆಂಡತಿ ಯಮುನಮ್ಮ ಹೂವು ತಂದು ಕೊಡ್ತಿದ್ದಳು ಅಮ್ಮನಿಗೆ, ಈಗ ಬರೋದಿಲ್ಲ. ಅವನೊಬ್ಬ ಮಾತ್ರ ಒಂದು ಶುಕ್ರವಾರ ಪೂಜೆಗೆ ಬಂದು ಸಾಲಿನಲ್ಲಿ ನಿಂತ. ಇವರು ತೀರ್ಥ ಕೊಡ್ತಾ ಬಂದರು, ಒಬ್ಬರಿಗೆ, ಇನ್ನೊಬ್ಬರಿಗೆ... ರೇಣುಕಪ್ಪನ ಕೈ ದಾಟಿ ಮುಂದಿನವರ ಕೈಗೆ ಹಾಕಿದರು.

ಅವನ ಕೈ ಹಾಗೇ ಇತ್ತು ಕೂಸೇ. ಅಂಗೈ ಗುಳಿ ಮಾಡಿಕೊಂಡು. ಎಲ್ಲರೂ ಹೋದ ಮೇಲೂ ಹಾಗೇ. ನಾನು ಬಾಗಿಲ ಹತ್ತಿರ ಹೂವಿನ ಬುಟ್ಟಿ ಹಿಡಿದುಕೊಂಡಿದ್ದೆ. ಅವನು ನನ್ನ ಕಡೆ ತಿರುಗಿ ಒಂದೇ ಮಾತು ಅಂದ. "ಅಮ್ಮಾ, ನೀವಾದ್ರೂ ಒಂದು ಮಾತು ಹೇಳಿ."

ನಾನು ಎಂತ ಹೇಳಲಿ? ನಾನು ಎಂತ... ಬುಟ್ಟಿ ತಗೊಂಡು ಒಳಗೆ ಹೋದೆ.

ಹಾಗೆ ನೋಡಬೇಡಿ ನನ್ನನ್ನು.

ಈಗ ಹೇಳ್ತೇನೆ ಇವರು ಕೊಪ್ಪಕ್ಕೆ ಯಾಕೆ ಹೋದರು ಅಂತ. ಪೊಲೀಸು ದೂರು ಕೊಡೋಕೆ. ರೇಣುಕಪ್ಪನ ಮೇಲೆ. ದೂರು ಇದ್ದರೆ ನಿಮ್ಮ ವರದಿಗೆ ಬಲ ಬರುತ್ತೆ ಅಂತ ಯಾರೋ ಹೇಳಿದರಂತೆ. ನಿಮ್ಮ ನಿಯಮ ಹಾಗಿದೆಯಲ್ಲ. ಹೊರಗಿನವರು ಹಾಳು ಮಾಡಿದ್ದು ಅಂತ ಆದರೆ ಮತ್ತೆ ಮರಿ ಕೊಡ್ತೀರಿ, ಕಾವಲಿಗೆ ಜನ ಕೊಡ್ತೀರಿ. ಸಾಕುವವರ ಕೈಯಿಂದಲೇ ಹೋಯಿತು ಅಂತ ಆದರೆ ಅನುದಾನ ಬೇರೆ ಊರಿಗೆ. ಈ ಮಡುವಿನ ಹೆಸರು ಪಟ್ಟಿಯಿಂದ ತೆಗೀತೀರಿ. ಹೌದಲ್ದಾ? ಹನ್ನೊಂದು ವರ್ಷದ್ದು ಒಂದು ಗೆರೆ ಎಳೆದು ಮುಗಿಸ್ತೀರಿ. ಆ ಏಳೆಂಟು ಮುದಿ ಮೀನು ಸತ್ತ ಮೇಲೆ ನಾನು ಯಾರಿಗೆ ಅನ್ನ ಹಾಕಲಿ? ಇವರು ಯಾರಿಗೆ ಅರ್ಜಿ ಬರೀಲಿ?

ಅದಕ್ಕೇ ಕೇಳ್ತಿದ್ದೇನೆ. ನೀವು ರೇಣುಕಪ್ಪನ ಹೆಸರು ಬರೀಬೇಡಿ. ಹೆಸರು ಬೇಡವೇ ಬೇಡ. ಯಾರೋ ಅಂತ ಬರೀರಿ. ಯಾರೋ ಹೊರಗಿನವರಿಂದ ವಿಷ ಸೇರಿದೆ ಅಂತ. ಯಾರೋ ಅಂದರೆ ಯಾರಿಗೂ ನೋವಾಗೋದಿಲ್ಲ. ಮರಿ ಬರುತ್ತೆ, ರೇಣುಕಪ್ಪ ಉಳೀತಾನೆ, ಇವರು ಉಣ್ತಾರೆ. ಎಲ್ಲಾ ಸರಿಯಾಗುತ್ತೆ. ಒಂದು ಶಬ್ದ ಕೂಸೇ. ಬರೀರಿ ಮಾರಾಯ್ತಿ, ನಿಮಗೆ ಕೈ ಮುಗೀತೇನೆ.

ಯಾಕೆ ಪೆನ್ನು ಮುಚ್ಚಿದಿರಿ?

ಎಂತ ಅದು, ಈ ಕಾಗದ? ನನಗೆ ಇಂಗ್ಲಿಷು ಬರೋದಿಲ್ಲ. ಬಾಟಲಿ ನೀರಿಂದಾ? ಪರೀಕ್ಷೆ ಆಗಿ ಬಂತಾ? ಈ ಗೆರೆ... ಇದು ಸುಣ್ಣ ಅಂತಲಾ? ನೋಡಿ ಮತ್ತೆ, ಸುಣ್ಣ ಇದೆಯಲ್ಲ. ಬೋರ್ಡೋಗೆ ಸುಣ್ಣ ಹಾಕ್ತಾರಲ್ಲ, ಅದೇ ಇದು. ಸರಿಯಾಯ್ತಲ್ಲ ಹಾಗಾದರೆ.

ಮೈಲುತುತ್ತ?

ಎಷ್ಟು ಅಂತ ಬರೆದಿದ್ದಾರೆ ಮೈಲುತುತ್ತ? ಈ ಸೊನ್ನೆಯಾ. ಸೊನ್ನೆ ಅಂದರೆ... ಸ್ವಲ್ಪವೂ ಇಲ್ವಾ. ಸ್ವಲ್ಪವೂ.

ಇರಲಿ. ಯಂತ್ರ ಕೆಲವು ಸಲ ತಪ್ಪು ಮಾಡ್ತದೆ. ನಮ್ಮ ಕರೆಂಟು ಮೀಟರು ಹೀಗೇ ಒಂದು ಸಲ... ಅದು ಬಿಡಿ. ಆಮೇಲೆ ಮಾತಾಡೋಣ. ಹೊರಟಿರಾ? ಇರಿ, ಹಾಗೇ ಹೋಗಬಾರದು, ಹೆಣ್ಣುಮಕ್ಕಳು ದೇವಸ್ಥಾನಕ್ಕೆ ಬಂದು ಬರೀ ಹಣೆಯಲ್ಲಿ ಹೋಗಬಾರದು. ಒಂದು ನಿಮಿಷ. ಅರಿಶಿನ ಕುಂಕುಮ ತರ್ತೇನೆ, ಇಲ್ಲೇ ಗೂಡಿನಲ್ಲಿದೆ.

ತಗೊಳ್ಳಿ.

ತಗೊಳ್ಳಿ ಕೂಸೇ. ಯಾಕೆ, ಕುಂಕುಮ ಇಟ್ಟುಕೊಳ್ಳಲ್ವಾ ನೀವು? ಅದೆಲ್ಲ ನಂಬೋದಿಲ್ವಾ?

ಓ. ತಟ್ಟೆ ನೋಡ್ತಿದ್ದೀರಿ.

ಹಳೇ ತಟ್ಟೆ. ಅತ್ತೆಯವರದು. ಅಂಚಿನಲ್ಲಿ ಬಳ್ಳಿ ಕೆತ್ತಿದ್ದಾರಲ್ಲ, ಅದರ ಸಂದಿನಲ್ಲಿ ಕೂತದ್ದು ಹೋಗೋದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ. ತೊಟ್ಟಿಯನ್ನೂ ತಿಕ್ಕಿದೆ. ಇವರು ಪಾರಿಜಾತದ ಹತ್ತಿರ ಗುಂಡಿ ತೋಡ್ತಿದ್ದಾಗ. ತೊಟ್ಟಿಯ ಕೆಂಪು ಹೋಯಿತು. ಇದು...

ಕುಂಕುಮದ್ದು ಅಂತ ಹೇಳಬಹುದಿತ್ತು. ನೀವು ನಂಬ್ತಿದ್ದಿರಾ?

ಇಲ್ಲ. ನೀವು ಇಲ್ಲಿಯವರೇ. ನಿಮ್ಮ ಅಮ್ಮನೂ ಮಾಡಿರ್ತಾರೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಯಾವ ಕೆಂಪು ಬರುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾ.

ಕೂತ್ಕೋ ಕೂಸೇ. ದಮ್ಮಯ್ಯ, ಒಂದು ಗಳಿಗೆ ಕೂತ್ಕೋ. ನೀನು ಅಂತ ಬಂತು ಬಾಯಲ್ಲಿ, ಬರಲಿ.

ಮರಿಗಳು ಸತ್ತ ಹಿಂದಿನ ಸಂಜೆ ಇವರು ಶೆಟ್ಟಿಕೊಪ್ಪಕ್ಕೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಸುಲೋಚನಮ್ಮ ಬಂದಳು, ಕೆಳಗಿನ ಮನೆಯವಳು. ತೊಟ್ಟಿಯಲ್ಲಿ ಬಗ್ಗಿ ನೋಡಿ, ಅಯ್ಯಪ್ಪ, ಎಷ್ಟು ಚುರುಕು, ಎಷ್ಟು ಹೊಳಪು, ಒಂದೂ ಸತ್ತಿಲ್ವಾ ಅಂದಳು. ಎರಡು ಸಲ ಅಂದಳು, ಒಂದೂ ಸತ್ತಿಲ್ವಾ ಅಂತ. ಅವಳ ಮನಸ್ಸಿನಲ್ಲಿ ಎಂತದೂ ಇಲ್ಲ, ಪಾಪ. ಆದರೆ ನನಗೆ ಚುರ್ ಅಂತು. ಹನ್ನೊಂದು ದಿವಸವಾಯ್ತು, ಇವುಗಳನ್ನು ಮನೆ ತುಂಬಿಸಿಕೊಂಡು ಒಂದು ಆರತಿ ಮಾಡಿಲ್ಲ, ದೃಷ್ಟಿ ತೆಗೆದಿಲ್ಲ. ಮದುಮಗಳು ಬಂದರೆ ಮಾಡ್ತೇವೆ. ಹಸುಗೂಸು ಬಂದರೆ ಮಾಡ್ತೇವೆ. ಹೊಸ ಸ್ಕೂಟರು ಬಂದರೂ ಮಾಡ್ತೇವೆ. ಅಮ್ಮನ ಮಕ್ಕಳು ಬಂದು ಕೂತಿದ್ದಾವೆ, ನಾನು ಮರೆತೇ ಬಿಟ್ಟೆನಲ್ಲ ಅಂತ.

ಮುನ್ನೂರು ಮಕ್ಕಳು. ಒಂದು ತಟ್ಟೆ ಎಲ್ಲಿ ಸಾಕು? ಕೊಡಪಾನದಲ್ಲಿ ಅರಿಶಿನದ ನೀರು ಕಲಸಿದೆ. ಎಲೆಗೆ ಹಚ್ಚುವ ಸುಣ್ಣ ಸಾಲಲಿಲ್ಲ, ದೇವಸ್ಥಾನದ ಗೋಡೆಗೆ ಬಳಿಯೋಕೆ ತಂದದ್ದಿತ್ತು, ಎರಡು ಹಿಡಿ ಹಾಕಿದೆ. ಒಳ್ಳೇ ಕೆಂಪು ಬಂತು. ತಟ್ಟೆಯಲ್ಲಿ ಸ್ವಲ್ಪ ಹಾಕಿ, ದೀಪ ಇಟ್ಟು, ಹಾಡು ಹೇಳಿ ಮೂರು ಸುತ್ತು ನಿವಾಳಿಸಿದೆ. ಅವು ದೀಪ ನೋಡಿ ಮೇಲೆ ಬಂದವು ಗೊತ್ತಾ. ಎಲ್ಲಾ ಮೇಲೆ ಬಂದವು, ಬಾಯಿ ತೆರೆದುಕೊಂಡು. ನನಗೆ ಎಷ್ಟು ಸಂತೋಷ ಅಂದರೆ...

ಆಮೇಲೆ ಆ ನೀರಿನದೊಂದು ಬೊಟ್ಟು ಹಣೆಗೆ ಇಡಬೇಕು. ಅದು ಕ್ರಮ. ಉಳಿದದ್ದನ್ನು ಹೊರಗೆ ಚೆಲ್ಲೋದು. ಆದರೆ ಮೀನಿಗೆ ಹಣೆ ಎಲ್ಲಿ ಕೂಸೇ? ಯಾವುದರ ಹಣೆಗೆ ಅಂತ ಇಡಲಿ? ಒಂದಕ್ಕೆ ಇಟ್ಟು ಒಂದಕ್ಕೆ ಬಿಟ್ಟರೆ ಭೇದ ಮಾಡಿದ ಹಾಗಲ್ವಾ. ಅದಕ್ಕೇ ನೀರಿಗೇ ಬಿಟ್ಟೆ. ತಟ್ಟೆಯದನ್ನು ಬಿಟ್ಟೆ. ಕೊಡಪಾನದ್ದನ್ನೂ ಬಿಟ್ಟೆ. ಎಲ್ಲರಿಗೂ ಮುಟ್ಟಲಿ ಅಂತ.

ಬೆಳಗ್ಗೆ ಎದ್ದು ನಾನೇ ಮೊದಲು ನೋಡಿದ್ದು. ಇವರಿಗಿಂತ ಮೊದಲು. ರಾತ್ರಿಯೆಲ್ಲ ಒರತೆ ನೀರು ಬಿದ್ದು ನೀರಿನ ಕೆಂಪು ತೆಳುವಾಗಿತ್ತು, ಕಲ್ಲಿನ ಅಂಚಿನಲ್ಲಿ ಮಾತ್ರ ಕೂತಿತ್ತು. ಎಲ್ಲರಿಗೂ ಮುಟ್ಟಿತ್ತು.

ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಇವರು ಬಂದು ನೋಡಿ, ನೆಲಕ್ಕೆ ಕೂತು, ರೇಣುಕಪ್ಪ ಅಂದರು. ನಾನು ತೆರೆದ ಬಾಯಿ ಮುಚ್ಚಿದೆ. ಅಷ್ಟೇ ನಾನು ಮಾಡಿದ್ದು. ನಾನು ಸುಳ್ಳು ಹೇಳಿಲ್ಲ, ಮಾತಾಡಲಿಲ್ಲ ಅಷ್ಟೇ ಅಂತ ಇಪ್ಪತ್ತಮೂರು ದಿವಸ ಅಮ್ಮನ ಎದುರು ಹೇಳಿಕೊಂಡಿದ್ದೇನೆ. ಅಮ್ಮನೂ ನಿನ್ನ ಹಾಗೇ. ಏನೂ ಅನ್ನೋದಿಲ್ಲ, ನೋಡ್ತಾಳೆ.

ಇನ್ನೊಂದಿದೆ. ಅದನ್ನೂ ಬರಕೋ. ನಾನು ಒಳಗಿನವಳು, ನೋಡಿಲ್ಲ ಅಂದೆನಲ್ಲ. ನೋಡಿದ್ದೇನೆ. ಔಷಧಿ ಹೊಡೆಸಿದ ಮಧ್ಯಾಹ್ನ ರೇಣುಕಪ್ಪ ಡ್ರಮ್ಮು ಹೆಗಲ ಮೇಲೆ ಹೊತ್ತು ಈ ಅಂಗಳದಲ್ಲೇ ದಾಟಿ ಹೋದ. ಬೆನ್ನೆಲ್ಲ ನೀಲಿ. ಎಲ್ಲಿಗೋ ಮಾರಾಯ ಅಂತ ಕೇಳಿದೆ. ಮಡುವಿಗಿಂತ ಕೆಳಗೆ, ಹಳೇ ಕಾಲುಸಂಕದ ಆಚೆ ಹೊಂಡ ತೋಡಿದ್ದೇನಮ್ಮ, ಅಲ್ಲಿ ತೊಳೀತೇನೆ, ಮರಿಗಳಿದ್ದಾವಲ್ಲ ಅಂದ. ಅರ್ಧ ಮೈಲಿ ಹೊತ್ತಿದ್ದಾನೆ. ಮೀನಿಗೋಸ್ಕರ. ಹಿಂದೆ ತೋಟೆ ಹಾಕೋಕೆ ಬಂದವರನ್ನು ಕತ್ತಿ ಹಿಡಿದು ಅಟ್ಟಿದವನೂ ಅವನೇ. ಅವನ ಕೈಗೆ ತೀರ್ಥ ಬೀಳಲಿಲ್ಲ. ನಾನು ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ.

ನೀನು ಒಂದು ಮಾತಾದರೂ ಬೈದಿದ್ದರೆ ನಾನು ಇನ್ನೂ ಹತ್ತು ಸುಳ್ಳು ಹೇಳ್ತಿದ್ದೆ. ಸುಮ್ಮನೆ ಕೂತೆಯಲ್ಲ, ಅದಕ್ಕೆ ಎದುರು ಹೇಳೋಕೆ ನನ್ನ ಹತ್ತಿರ ಎಂತದೂ ಇಲ್ಲ.

ಗಂಟೆ ಎಷ್ಟು? ಹತ್ತೂಕಾಲಾ. ಬಸ್ಸು ಮುಟ್ಟಿರುತ್ತೆ. ಇವರ ಅಕ್ಷರ ಯಾರಿಗೂ ಓದೋಕಾಗಲ್ಲ, ಟೈಪು ಮಾಡಿಸ್ತೇನೆ ಅಂದಿದ್ದರು. ಟೈಪಿಂಗ್ ಅಂಗಡಿ ತೆರೆಯೋದು ಹತ್ತಕ್ಕೆ. ಇನ್ನೂ ಅಲ್ಲೇ ಇರಬಹುದು. ನಿನ್ನ ಫೋನು ಕೊಡು. ನಮ್ಮದು ಇಲ್ಲಿ ಹಿಡಿಯೋದಿಲ್ಲ. ನಂಬರು ಹೇಳ್ತೇನೆ, ನೀನೇ ಒತ್ತು.

ಹಲೋ. ನಾನು. ಹಾಂ, ಮೇಡಂ ಬಂದಿದ್ದಾರೆ. ನೀವು ಎಲ್ಲಿದ್ದೀರಿ? ಟೈಪು ಆಯ್ತಾ. ಸಹಿ ಹಾಕಬೇಡಿ. ಕೇಳಿ ಇಲ್ಲಿ, ಹಾಕಬೇಡಿ. ರೇಣುಕಪ್ಪ ಅಲ್ಲ. ನಾನು. ಆರತಿ ಮಾಡಿ ಸುಣ್ಣದ ನೀರು ತೊಟ್ಟಿಗೆ ಬಿಟ್ಟೆ. ನಾನೇ, ನೀವು ಶೆಟ್ಟಿಕೊಪ್ಪಕ್ಕೆ ಹೋದ ದಿವಸ. ಗೊತ್ತಿತ್ತು, ಮರುದಿವಸವೇ ಗೊತ್ತಿತ್ತು. ಹೇಳಲಿಲ್ಲ.

ಕೇಳಿಸ್ತಾ?

ಕೇಳಿಸಿದೆ. ಉಸಿರು ಕೇಳ್ತಿದೆ.

ಬರುವಾಗ ಸೀದಾ ಮನೆಗೆ ಬರಬೇಡಿ. ರೇಣುಕಪ್ಪನ ಮನೆ ಮುಂದೆ ಇಳಿಯಿರಿ. ನಾನು ಅಲ್ಲಿರ್ತೇನೆ. ತೀರ್ಥದ ತಂಬಿಗೆ ತರ್ತೇನೆ. ನೀವು ಕೊಡಿ, ನಾನು ಕಾಲು ಹಿಡೀತೇನೆ. ಅವನು ಅಂಗೈ ಚಾಚಿದರೆ ನಮ್ಮ ಪುಣ್ಯ, ಇಲ್ಲದಿದ್ದರೆ ಅಂಗಳದಲ್ಲೇ ಕಾಯೋಣ. ಅವನು ಕಾದಿದ್ದಾನಲ್ಲ.

ಇಟ್ಟರು. ತಗೋ ನಿನ್ನ ಫೋನು.

ಈಗ ಬರಿ ಕೂಸೇ. ಯಾರೋ ಅಂತ ಬರೀಬೇಡ. ಮೀನಾಕ್ಷಮ್ಮ ಅಂತ ಬರಿ, ದತ್ತಮೂರ್ತಿ ಭಟ್ಟರ ಹೆಂಡತಿ, ಸಾಕುವವಳ ಕೈಯಿಂದ ಅಂತ ಬರಿ. ಮಡುವಿನ ಹೆಸರಿನ ಮೇಲೆ ಗೆರೆ ಎಳೀಬೇಕು ಅಂದರೆ ಎಳಿ, ನಾನು ಈ ಕಡೆ ತಿರುಗಿ ಕೂತ್ಕೊಳ್ತೇನೆ. ಮರಿ ಬೇರೆ ಯಾವ ಊರಿಗೆ ಹೋಗುತ್ತೋ ಹೋಗಲಿ, ಅಲ್ಲಿ ಬದುಕಲಿ. ಅಲ್ಲಿಯೂ ನನ್ನ ಹಾಗಿನ ಒಬ್ಬಳು ಇರ್ತಾಳೆ. ತಟ್ಟೆ ಹಿಡಿದು ಬರ್ತಾಳೆ, ಹಾಡು ಹೇಳಿಕೊಂಡು, ತುಂಬ ಪ್ರೀತಿಯಿಂದ. ಅವಳನ್ನು ಬೈಯಬೇಡ. ಕೈ ಹಿಡಿದು ನಿಲ್ಲಿಸು, ಅಷ್ಟೇ.

ಅಳ್ತಿದ್ದೀಯಾ? ಛೆ. ಆಫೀಸರು ಅಳಬಾರದು, ಜೀಪಿನವನು ನೋಡ್ತಾನೆ. ಈ ತಟ್ಟೆ ಬೇಡ, ಇದು ಹೊಳೆಗೆ ಹೋಗಲಿ... ಅಲ್ಲ, ಹೊಳೆಗೂ ಬೇಡ. ಹೊಳೆಗೆ ಇನ್ನು ನಾನು ಎಂತದೂ ಹಾಕೋದಿಲ್ಲ, ಒಂದು ಹಿಡಿ ಅನ್ನ ಬಿಟ್ಟು. ಕುಂಕುಮ ನನ್ನ ಬೆರಳಲ್ಲೇ ಇದೆ, ಬಾ ಇಲ್ಲಿ. ಬಗ್ಗು ಸ್ವಲ್ಪ. ನಿನಗೆ ಹಣೆ ಇದೆಯಲ್ಲ ಮಗಾ.

ಬಾಯಿ ಬಿಡದೆ ಕೇಳಿದ ನಿನ್ನನ್ನು ಮಡುವಿನಮ್ಮ ಚೆನ್ನಾಗಿಟ್ಟಿರಲಿ. ಕೊಪ್ಪದ ಪೇಟೆಯಲ್ಲಿ ಕಾಗದ ಕೈಯಲ್ಲಿ ಹಿಡಿದು ನಿಂತು ಕೇಳಿದ ಅವರನ್ನೂ, ಈ ನೀರಿನಡಿ ಕೇಳಿಸಿಕೊಂಡ ಆ ಏಳೆಂಟು ಮುದಿ ಜೀವಗಳನ್ನೂ ಕಾಯಲಿ. ಈ ಪಾಪದ ಮಾತಿಗೆ ಎಲ್ಲಿಂದಲಾದರೂ ಸರಿ, ಯಾರು ಯಾರು ಕಿವಿ ಕೊಟ್ಟರೋ, ಅವರ ಮನೆಯ ನೀರು ತಿಳಿಯಾಗಿರಲಿ, ಅವರು ಚಾಚಿದ ಅಂಗೈ ಯಾವತ್ತೂ ಬರಿದಾಗಿ ಹಿಂದೆ ಹೋಗದಿರಲಿ.